ಜಡ್ಡು ಎಲ್ಲಿಂದ ಬಂತು?

ಬೆಳಗಾವಿಯವರಿಗೆ ಮಿಲಿಟರಿ ಎಂಬುದು ದೂರದ ಮಾತಲ್ಲ. ಕ್ಯಾಂಪ್ ಭಾಗದಲ್ಲಿ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ 1922ರಿಂದಲೂ ಇದೆ. ಬಸ್ಸು ಹತ್ತಿದರೂ, ಮದುವೆಗೆ ಹೋದರೂ ಒಬ್ಬ ಮಾಜಿ ಹವಾಲ್ದಾರರೋ ಸುಬೇದಾರರೋ ಸಿಕ್ಕೇ ಸಿಗುತ್ತಾರೆ. ನಾನಿರುವ ಖಾಸಬಾಗ ನೇಕಾರರ ಭಾಗ. ಬೆಳಗಿನಿಂದ ರಾತ್ರಿಯವರೆಗೆ ಪವರ್‌ಲೂಮಿನ ಸಪ್ಪಳ ಕಿವಿಗೆ ಬಿದ್ದೇ ಇರುತ್ತದೆ. ಆ ಸಪ್ಪಳದ ನಡುವೆಯೇ ಬೆಳೆದ ಹುಡುಗರಲ್ಲಿ ಎಷ್ಟೋ ಮಂದಿ ಮಗ್ಗದ ಕೂಲಿಯಿಂದ ಮನೆ ಮೇಲೇಳುವುದಿಲ್ಲವೆಂದು ಕಂಡುಕೊಂಡು, ನಸುಕಿನ ಐದಕ್ಕೆ ಎದ್ದು ಓಡಲು ಹೋಗುತ್ತಾರೆ. ಖಾನಾಪುರ ತಾಲೂಕಿನ ಹಳ್ಳಿಗಳಿಂದ ಬರುವ ಹುಡುಗರದೂ ಇದೇ ಕನಸು. ಹತ್ತನೆಯ ವರ್ಗದಲ್ಲಿ ವಿಜ್ಞಾನದ ಪ್ರಶ್ನೆಗೆ ತಲೆ ತಗ್ಗಿಸುವವನು ಭರ್ತಿಯ ಓಟದ ಮಾತು ಬಂದರೆ ತಲೆ ಎತ್ತುತ್ತಾನೆ.

ಭರ್ತಿ ಎಂದರೆ ಬರೀ ಓಟವಲ್ಲ. ಓಟ ಮುಗಿಸಿದವನನ್ನು ವೈದ್ಯರು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಎದೆ ಉಬ್ಬಿಸಿದಾಗ ಐದು ಸೆಂಟಿಮೀಟರ್ ಹಿಗ್ಗಬೇಕು, ಪಾದ ಚಪ್ಪಟೆಯಾಗಿರಬಾರದು, ಮೊಣಕಾಲು ಒಂದಕ್ಕೊಂದು ತಾಗಬಾರದು, ಕಿವಿ ಸೋರಬಾರದು, ಬಣ್ಣಗಳ ಭೇದ ಕಣ್ಣಿಗೆ ತಿಳಿಯಬೇಕು. ಮನೆತನದಲ್ಲಿ ಯಾರಿಗಾದರೂ ದೊಡ್ಡ ರೋಗವಿತ್ತೇ ಎಂದೂ ಕೇಳುತ್ತಾರೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಕಿವಿಯಲ್ಲಿ ಗುಗ್ಗೆ ಇದ್ದುದಕ್ಕೇ ಮರಳಿ ಬಂದು, ತೆಗೆಸಿಕೊಂಡು ಮತ್ತೆ ಹೋಗಿದ್ದುಂಟು. ಇಷ್ಟೆಲ್ಲ ಆದ ಮೇಲೆ ಒಂದು ಕಾಗದದ ಮೇಲೆ ‘ಫಿಟ್’ ಎಂದು ಬೀಳುತ್ತದೆ. ಆ ದಿನ ಓಣಿಯಲ್ಲಿ ಪೇಢೆ ಹಂಚುತ್ತಾರೆ. ಕಾಗದವನ್ನು ಯಾರೂ ಮತ್ತೆ ನೆನೆಯುವುದಿಲ್ಲ.

ನಾನು ಹೇಳಹೊರಟಿರುವುದು ಆ ಕಾಗದದ ಬಗ್ಗೆ. ಗುಂಡು ತಗುಲಿ ಕಾಲು ಕಳೆದುಕೊಂಡ ಸೈನಿಕನ ವಿಷಯದಲ್ಲಿ ವಾದವಿಲ್ಲ. ಗಾಯ ಎಲ್ಲರಿಗೂ ಕಾಣುತ್ತದೆ. ಆದರೆ ಸೇವೆಯಲ್ಲಿರುವಾಗ ರೋಗ ಬಂದು, ಇನ್ನು ನೀನು ಸೇವೆಗೆ ತಕ್ಕವನಲ್ಲ ಎಂದು ಅವಧಿಗೆ ಮುಂಚೆ ಮನೆಗೆ ಕಳಿಸಿಕೊಂಡವನ ಪಾಡು ಬೇರೆ. ನಮ್ಮ ಕಡೆ ಇದಕ್ಕೆ ‘ಬೋರ್ಡ್ ಔಟ್ ಆದ’ ಎನ್ನುತ್ತಾರೆ. ಅವನಿಗೆ ಅಂಗವೈಕಲ್ಯ ಪಿಂಚಣಿ ಸಿಗಬೇಕಾದರೆ ಎರಡು ವಿಷಯ ತೀರ್ಮಾನವಾಗಬೇಕು. ವೈಕಲ್ಯ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಇರಬಾರದು. ಮತ್ತು ಆ ರೋಗ ಸೇವೆಯಿಂದಲೇ ಬಂದಿರಬೇಕು, ಇಲ್ಲವೇ ಇದ್ದದ್ದು ಸೇವೆಯಿಂದ ಉಲ್ಬಣಿಸಿರಬೇಕು. ಹೆಚ್ಚಿನವರು ಎಡವುವುದು ಈ ಎರಡನೆಯ ಹೊಸ್ತಿಲಿನಲ್ಲಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2023ರ ದಸರೆಯ ರಜೆಯಲ್ಲಿ ಮನೆಗೆ ಬಂದ. ಹೆಸರು ಬೇಡ; ಖಾನಾಪುರ ರಸ್ತೆಯ ಒಂದು ಹಳ್ಳಿಯವನು. 2001ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ, 2004ರಲ್ಲಿ ಸಿಪಾಯಿಯಾಗಿ ಭರ್ತಿಯಾದ. ಎರಡು ವರ್ಷ ಎತ್ತರದ ಹಿಮಪ್ರದೇಶದಲ್ಲಿ ಕಾವಲು ಕಾಯ್ದ. ಅಲ್ಲಿಂದ ಬಯಲಿನ ಊರಿಗೆ ಬಂದ ಮೇಲೆ, ಸಾಲು ರಾತ್ರಿಪಾಳಿಯ ಒಂದು ವಾರದ ಕೊನೆಗೆ, ಮೊದಲ ಬಾರಿ ಮೂರ್ಛೆ ಬಂದು ಬಿದ್ದ. ನಮ್ಮವರು ಫಿಟ್ಸ್ ಎನ್ನುವುದು ಇದನ್ನೇ. ಮತ್ತೆರಡು ಬಾರಿ ಬಂತು. 2012ರಲ್ಲಿ, ಎಂಟು ವರ್ಷದ ಸೇವೆಯ ಮೇಲೆ, ಬೋರ್ಡ್ ಔಟ್ ಆಗಿ ಮನೆಗೆ ಬಂದ. ಹತ್ತು ವರ್ಷ ತುಂಬದ್ದರಿಂದ ಬೇರೆ ಪಿಂಚಣಿಯೂ ಇಲ್ಲ. ಒಂದು ಸಲದ ಗ್ರಾಚ್ಯುಟಿ ಬಂತು, ಅದು ತಂಗಿಯ ಮದುವೆಗೆ ಮತ್ತು ಮನೆಯ ಹಂಚು ಬದಲಿಸುವುದಕ್ಕೆ ಹೋಯಿತು.

ಕೆಲ ತಿಂಗಳ ಮೇಲೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂದಿತ್ತು. ಮನೆಯಲ್ಲಿ ಅದನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದರಂತೆ. ಹನ್ನೊಂದು ವರ್ಷದ ಕುಂಕುಮ, ಎಣ್ಣೆಯ ಕಲೆ ಎಲ್ಲ ಹತ್ತಿದ ಆ ಹಾಳೆಯನ್ನು ನನ್ನ ಮುಂದೆ ಬಿಚ್ಚಿ ಒಂದು ಶಬ್ದದ ಮೇಲೆ ಬೆರಳಿಟ್ಟ.

“ಸರ, ಕಾನ್‌ಸ್ಟಿಟ್ಯೂಶನ್ ಅಂದ್ರ ಸಂವಿಧಾನ ಅಂತ ಸಾಲ್ಯಾಗ ಕಲತಿದ್ದೆ. ಇಲ್ಲಿ ಕಾನ್‌ಸ್ಟಿಟ್ಯೂಶನಲ್ ಅಂತ ಬರದಾರಲ್ರಿ. ನನ್ನ ಜಡ್ಡು ಸಂವಿಧಾನದಾಗ ಐತೇನ್ರಿ?”

ನನಗೆ ನಗು ಬರಲಿಲ್ಲ. ಅವನಿಗೂ ಬರಲಿಲ್ಲ. ವೈದ್ಯರ ಭಾಷೆಯಲ್ಲಿ ಆ ಶಬ್ದಕ್ಕೆ ‘ದೇಹದ ಹುಟ್ಟುಗುಣ’ ಎಂದು ಅರ್ಥ. ಅಂದರೆ ನಿನ್ನ ರೋಗ ನಿನ್ನ ಮೈಯಲ್ಲೇ ಇದ್ದದ್ದು, ನಮ್ಮ ಸೇವೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಪತ್ರದ ತಾತ್ಪರ್ಯ. ತಿಳಿಸಿ ಹೇಳಿದಾಗ ಅವನ ಮುಖ ಸಣ್ಣದಾಯಿತು. ಹಣದ ಮಾತಿಗಿಂತ ಮೊದಲು ಅವನು ಹೇಳಿದ್ದು ತಾಯಿಯ ಮಾತು. “ನಮ್ಮ ಮನಿತನದಾಗ ಯಾರಿಗೂ ಇದು ಇಲ್ರಿ ಸರ. ಅವ್ವ ಹತ್ತು ವರ್ಷದಿಂದ ಇದನ್ನ ಹೇಳಕೋತ ಬಂದಾಳ.” ಜಡ್ಡು ಮುಚ್ಚಿಟ್ಟು ಭರ್ತಿಯಾಗಿದ್ದ ಎಂದು ಊರಲ್ಲಿ ಯಾರೋ ಆಡಿದ್ದರಂತೆ. ಪತ್ರ ಓದಲು ಬಾರದಿದ್ದರೂ ಅದರ ಅರ್ಥ ಊರಿಗೆ ಹೇಗೋ ಮುಟ್ಟಿಬಿಟ್ಟಿತ್ತು.

ಅವನ ಬಳಿ ಮೆಡಿಕಲ್ ಬೋರ್ಡಿನ ಹಾಳೆಗಳ ಪ್ರತಿಯೂ ಇತ್ತು. ಅದರಲ್ಲಿ ಒಂದು ಪ್ರಶ್ನೆ: ಈ ವೈಕಲ್ಯ ಸೇವೆಗೆ ಸೇರುವ ಮೊದಲು ಇತ್ತೇ? ಉತ್ತರ: ಇಲ್ಲ. ಮುಂದಿನ ಪ್ರಶ್ನೆ: ಸೇವೆಯಿಂದ ಉಂಟಾಯಿತೇ? ಇಲ್ಲ. ಸೇವೆಯಿಂದ ಉಲ್ಬಣಿಸಿತೇ? ಇಲ್ಲ. ಕಾರಣ ಬರೆಯುವ ಜಾಗದಲ್ಲಿ ಮತ್ತೆ ಅದೇ ಒಂದು ಶಬ್ದ. ಮೊದಲು ಇರಲಿಲ್ಲ, ಸೇವೆಯಲ್ಲಿ ಬರಲಿಲ್ಲ. ಹಾಗಾದರೆ ಜಡ್ಡು ಎಲ್ಲಿಂದ ಬಂತು? ಒಂಬತ್ತನೆಯ ವರ್ಗದ ಹುಡುಗ ಹೀಗೆ ಉತ್ತರ ಬರೆದಿದ್ದರೆ ನಾನು ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದೆ.

ಇಲ್ಲಿ ವಿಜ್ಞಾನದ ಮಾತೊಂದನ್ನು ಹೇಳಲೇಬೇಕು. ನಮ್ಮ ಮಿದುಳಿನ ನರಕೋಶಗಳು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಮಾತಾಡಿಕೊಳ್ಳುತ್ತವೆ. ಎಲ್ಲವೂ ಸರದಿಯಂತೆ ನಡೆಯುತ್ತಿರುವಾಗ, ಬಹಳಷ್ಟು ಕೋಶಗಳು ಒಮ್ಮೆಲೇ ಸಂಕೇತ ಹೊರಡಿಸಿದರೆ ಮೈ ಸೆಟೆಯುತ್ತದೆ, ಎಚ್ಚರ ತಪ್ಪುತ್ತದೆ. ಇದೇ ಮೂರ್ಛೆ. ತಲೆಗೆ ಪೆಟ್ಟು, ಮಿದುಳಿನ ಸೋಂಕು, ಹುಳುವಿನ ಗಂಟು, ವಂಶವಾಹಿ ಹೀಗೆ ಹಲವು ಕಾರಣಗಳುಂಟು. ಆದರೆ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವಂತೆ, ಜಗತ್ತಿನ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕಾರಣ ಇಂದಿಗೂ ತಿಳಿದಿಲ್ಲ. ನಿದ್ದೆಗೇಡು ಮೂರ್ಛೆಯನ್ನು ಎಬ್ಬಿಸಬಲ್ಲದು ಎಂಬುದು ಮಾತ್ರ ಎಲ್ಲ ವೈದ್ಯರಿಗೂ ಗೊತ್ತು. ಅರ್ಧದಷ್ಟು ಜನರಲ್ಲಿ ಕಾರಣವೇ ತಿಳಿಯದ ರೋಗಕ್ಕೆ ‘ಹುಟ್ಟುಗುಣ’ ಎಂದು ಬರೆದರೆ ಅದು ಉತ್ತರವಾಗಲಿಲ್ಲ; ಗೊತ್ತಿಲ್ಲ ಎಂಬುದಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದಂತಾಯಿತು.

ಹಾಗಾದರೆ, ಕಾರಣ ಯಾರಿಗೂ ಗೊತ್ತಿಲ್ಲದಾಗ ಆ ‘ಗೊತ್ತಿಲ್ಲ’ದ ಭಾರವನ್ನು ಹೊರಬೇಕಾದವರು ಯಾರು? ಸಿಪಾಯಿಯೋ, ಸರ್ಕಾರವೋ? ಇದು ವೈದ್ಯರ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ನಮ್ಮ ದೇಶದ ನಿಯಮ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟು ಬಹಳ ಕಾಲವಾಗಿದೆ.

ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಯ ಮೊಕದ್ದಮೆ ಇದಕ್ಕೆ ಸಾಕ್ಷಿ. ಅವರು 1985ರ ಜೂನ್ 10ರಂದು ಸೇನೆಯ ಸಿಗ್ನಲ್ಸ್ ದಳಕ್ಕೆ ಸೇರಿದರು. ಸುಮಾರು ಒಂಬತ್ತು ವರ್ಷದ ಮೇಲೆ, 1994ರ ಏಪ್ರಿಲ್ 1ರಂದು, ಮೂರ್ಛೆರೋಗದ ಕಾರಣದಿಂದ ಶೇಕಡಾ 20ರ ವೈಕಲ್ಯವೆಂದು ಬರೆದು ಬಿಡುಗಡೆ ಮಾಡಿದರು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಪಿಂಚಣಿ ನಿರಾಕರಿಸಿದರು. ಹಿಮಾಚಲ ಪ್ರದೇಶದ ಹೈಕೋರ್ಟಿನಲ್ಲಿ ಒಬ್ಬ ನ್ಯಾಯಮೂರ್ತಿಗಳ ಪೀಠ ಅವರ ಪರವಾಗಿ ತೀರ್ಪು ಕೊಟ್ಟರೆ, ಮೇಲಿನ ಪೀಠ ಅದನ್ನು ತಳ್ಳಿಹಾಕಿತು. ಕೊನೆಗೆ 2013ರ ಜುಲೈ 2ರಂದು ಸುಪ್ರೀಂ ಕೋರ್ಟಿನ ಪೀಠ ಸಿಪಾಯಿಯ ಪರ ತೀರ್ಪಿತ್ತಿತು. ಮನೆಗೆ ಬಂದ ಮೇಲೆ ಹತ್ತೊಂಬತ್ತು ವರ್ಷ ಕಳೆದಿತ್ತು.

ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೊಸ ಕಾನೂನನ್ನೇನೂ ಹುಟ್ಟಿಸಲಿಲ್ಲ. 1982ರ ನಿಯಮಾವಳಿಯಲ್ಲೇ ಇದ್ದುದನ್ನು ಓದಿ ತೋರಿಸಿತು. ಸೇವೆಗೆ ಸೇರುವಾಗ ದಾಖಲೆಯಲ್ಲಿ ರೋಗದ ಉಲ್ಲೇಖ ಇಲ್ಲದಿದ್ದರೆ ಆತ ಆಗ ಆರೋಗ್ಯವಾಗಿದ್ದನೆಂದೇ ಭಾವಿಸಬೇಕು. ನಂತರ ಆರೋಗ್ಯ ಕೆಟ್ಟು ಬಿಡುಗಡೆಯಾದರೆ ಅದು ಸೇವೆಯಿಂದ ಆದದ್ದೆಂದು ತಿಳಿಯಬೇಕು. ಅದನ್ನು ರುಜುವಾತು ಮಾಡುವ ಹೊಣೆ ಸೈನಿಕನ ಮೇಲಿಲ್ಲ. ಅಲ್ಲವೆಂದು ತೋರಿಸುವ ಹೊಣೆ ಅಲ್ಲವೆನ್ನುವವರದು. ನ್ಯಾಯವಾದ ಸಂಶಯ ಉಳಿದರೆ ಅದರ ಲಾಭ ಸೈನಿಕನಿಗೆ. ಭರ್ತಿಯ ಸಮಯದ ವೈದ್ಯಕೀಯ ಪರೀಕ್ಷೆಯಲ್ಲಿ ಈ ರೋಗವನ್ನು ಕಂಡುಹಿಡಿಯಲು ಸಾಧ್ಯವಿರಲಿಲ್ಲ ಎಂದು ಬೋರ್ಡು ಹೇಳುವುದಾದರೆ, ಏಕೆ ಸಾಧ್ಯವಿರಲಿಲ್ಲ ಎಂಬ ಕಾರಣವನ್ನು ಬರೆಯಬೇಕು. ಕಾರಣ ಬರೆಯದ ಅಭಿಪ್ರಾಯವನ್ನು ಪಿಂಚಣಿ ಮಂಜೂರು ಮಾಡುವವರು ಕಣ್ಣುಮುಚ್ಚಿ ಒಪ್ಪಬಾರದು. ರೋಗ ಬಂದಾಗ ಯುದ್ಧಭೂಮಿಯಲ್ಲಿದ್ದನೋ ಶಾಂತಿಯ ಠಾಣೆಯಲ್ಲಿದ್ದನೋ ಎಂಬುದೂ ಇಲ್ಲಿ ಮುಖ್ಯವಲ್ಲವೆಂದು ವೈದ್ಯಾಧಿಕಾರಿಗಳ ಕೈಪಿಡಿಯೇ ಹೇಳುತ್ತದೆ. 2015ರ ಫೆಬ್ರುವರಿಯಲ್ಲಿ ರಾಜ್‌ಬೀರ್ ಸಿಂಗ್ ಮತ್ತಿತರರ ಮೊಕದ್ದಮೆಗಳಲ್ಲಿ ಸುಪ್ರೀಂ ಕೋರ್ಟು ಇದನ್ನೇ ಮತ್ತೆ ಹೇಳಿತು.

ನಮ್ಮ ಹಿಂಬದಿಯ ಮನೆಯ ನೇಕಾರರೊಬ್ಬರಿಗೆ ನಾನು ಇದನ್ನು ವಿವರಿಸುತ್ತಿದ್ದೆ. ಅವರು ನಡುವೆಯೇ ತಡೆದು ಅಂದರು: “ನೂಲು ತರುವಾಗ ಎಳದು ನೋಡಿ, ಗಂಟು ನೋಡಿ ಆರಿಸಿ ತರ್ತೇವ್ರಿ ಸರ. ಮಗ್ಗಕ್ಕ ಏರಿಸಿ ಅರ್ಧ ಸೀರಿ ಆದ ಮ್ಯಾಲೆ ಎಳಿ ಹರದ್ರ ನೂಲು ಕೊಟ್ಟಾಂವನ ಮ್ಯಾಲೆ ಹಾಕಾಕ ಬರ್ತದೇನ್ರಿ? ಮಗ್ಗದ ಬಿಗಿ ಯಾರು ನೋಡಬೇಕಿತ್ತು?” ನಿಯಮಾವಳಿಯ ನಾಲ್ಕು ಕಲಮುಗಳ ಸಾರ ಅದರಲ್ಲಿದೆ. ನೂಲು ಕೊಟ್ಟವರು ಇಲ್ಲಿ ತಾಯಿ-ತಂದೆ ಎಂಬುದಷ್ಟೇ ವ್ಯತ್ಯಾಸ.

ಇದು ನಮ್ಮಲ್ಲಿ ಮಾತ್ರ ಇರುವ ಔದಾರ್ಯವೆಂದು ತಿಳಿಯಬೇಕಿಲ್ಲ. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ರುಜುವಾತಿನ ಹೊಣೆಯನ್ನು ಸೈನಿಕನ ಹೆಗಲಿಂದ ಇಳಿಸಿದರು. ವಿಯೆಟ್ನಾಮಿನಲ್ಲಿ ಕಾಡಿನ ಎಲೆ ಉದುರಿಸಲು ಸುರಿದ ‘ಏಜೆಂಟ್ ಆರೆಂಜ್’ ವಿಷದಿಂದ ರೋಗಿಗಳಾದ ಅಮೆರಿಕದ ಸೈನಿಕರು ವರ್ಷಗಟ್ಟಲೆ ಹೋರಾಡಿದ ಮೇಲೆ, 1991ರಲ್ಲಿ ಅಲ್ಲಿ ಒಂದು ಕಾನೂನು ಬಂತು: ಅಲ್ಲಿ ಸೇವೆ ಮಾಡಿದವನಿಗೆ ಪಟ್ಟಿಯಲ್ಲಿರುವ ರೋಗ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು. ಯಾವ ದಿನ ಯಾವ ವಿಮಾನ ತನ್ನ ತಲೆಯ ಮೇಲೆ ಸುರಿಯಿತು ಎಂದು ಸೈನಿಕ ಹೇಗೆ ತೋರಿಸಬಲ್ಲ?

ತರಗತಿಯಲ್ಲಿ ನಾವು ಕಲಿಸುವುದು ಬೇರೆ: ಪುರಾವೆ ಇಲ್ಲದೆ ಕಾರಣ ಹೇಳಬೇಡಿ. ಹಾಗಿರುವಾಗ ವಿಜ್ಞಾನದ ಶಿಕ್ಷಕನಾಗಿ ನಾನು ಈ ನಿಯಮವನ್ನು ಒಪ್ಪಬಹುದೇ ಎಂದು ಯಾರಾದರೂ ಕೇಳಬಹುದು. ಒಪ್ಪುತ್ತೇನೆ. ಏಕೆಂದರೆ ರೋಗದ ಕಾರಣ ವಿಜ್ಞಾನಕ್ಕೆ ತಿಳಿಯುವ ಮುಂಚೆಯೇ ರೋಗ ಸೈನಿಕನ ಮೈಗೆ ಬಂದಿರುತ್ತದೆ.

ಎತ್ತರದ ಜಾಗಗಳನ್ನೇ ನೋಡಿ. ಸಮುದ್ರಮಟ್ಟದಿಂದ ಸುಮಾರು 5,500 ಮೀಟರ್ ಮೇಲೆ ಗಾಳಿಯ ಒತ್ತಡ ಅರ್ಧಕ್ಕಿಳಿಯುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲಿಯೂ ಶೇಕಡಾ 21ರಷ್ಟೇ ಇದ್ದರೂ, ಒಂದು ಉಸಿರಿಗೆ ಸಿಗುವುದು ಇಲ್ಲಿನ ಅರ್ಧ. ಬಯಲಿನಿಂದ ಒಮ್ಮೆಲೇ ಮೇಲೆ ಹೋದವರ ಶ್ವಾಸಕೋಶದಲ್ಲಿ ನೀರು ತುಂಬಿ ಸಾವು ಬರುವುದುಂಟು. ಬಹಳ ಕಾಲ ಇದನ್ನು ನ್ಯುಮೋನಿಯಾ ಎಂದೇ ತಿಳಿದಿದ್ದರು. 1962ರ ಯುದ್ಧದ ನಂತರ ಹಿಮಾಲಯಕ್ಕೆ ಏರಿದ ನಮ್ಮ ಜವಾನರನ್ನು ಪರೀಕ್ಷಿಸಿ ಈ ರೋಗಗಳ ಸ್ವರೂಪವನ್ನು ಲೋಕಕ್ಕೆ ತಿಳಿಸಿದವರಲ್ಲಿ ಸೇನೆಯ ವೈದ್ಯರಾದ ಇಂದರ್ ಸಿಂಗ್ ಮತ್ತು ಅವರ ಸಂಗಡಿಗರು ಪ್ರಮುಖರು. 1969ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 1,925 ಸೈನಿಕರ ವಿವರವಿದೆ. 1984ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ಸಿಯಾಚಿನ್ ಏರಿತು. ಅಷ್ಟು ಎತ್ತರದಲ್ಲಿ ತಿಂಗಳುಗಟ್ಟಲೆ ಇದ್ದ 21 ಸೈನಿಕರ ಹೃದಯ ಸೋತು ಮೈ ಬಾತುದನ್ನು ನಮ್ಮ ವೈದ್ಯರು 1990ರಲ್ಲಿ ವರದಿ ಮಾಡಿದರು. ಅದುವರೆಗೆ ಅಂಥದೊಂದು ಪೆಟ್ಟು ದೊಡ್ಡವರ ಮೈಗೆ ಬೀಳಬಲ್ಲದೆಂದು ವೈದ್ಯಗ್ರಂಥಗಳು ಹೇಳುತ್ತಿರಲಿಲ್ಲ. ಆ ವರದಿ ಬರುವ ಮೊದಲು ಹಾಗೆ ಬಾತು ಇಳಿದುಬಂದವನ ರೋಗಕ್ಕೆ ಏನೆಂದು ಬರೆಯುತ್ತಿದ್ದರು? ಅವನ ಹೃದಯದ ಹುಟ್ಟುಗುಣ ಎಂದಲ್ಲವೇ?

ಇನ್ನೂ ಹಿಂದಿನದು ಬೇಕೆಂದರೆ ಮೊದಲನೆಯ ಮಹಾಯುದ್ಧದ ಕೂಟ್ ಮುತ್ತಿಗೆ ಇದೆ. ಇಂದಿನ ಇರಾಕಿನ ಆ ಊರಿನಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ತುರ್ಕರ ಮುತ್ತಿಗೆಯಲ್ಲಿ ಸಿಕ್ಕವರಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳೂ ಇದ್ದವು. ಇವೇ ಮುಂದೆ ಬೆಳಗಾವಿಯ ರೆಜಿಮೆಂಟಿನ ಅಂಗಗಳಾದವು. ಅಲ್ಲಿ ತರಕಾರಿ ಇಲ್ಲದೆ, ಕುದುರೆ ಮಾಂಸ ಮುಟ್ಟಲೊಲ್ಲದೆ ಇದ್ದ ಹಿಂದೂಸ್ತಾನಿ ಸಿಪಾಯಿಗಳಿಗೆ ಒಸಡು ಕೊಳೆಯುವ ಸ್ಕರ್ವಿ ಬಂತು. ಬಿಳಿ ಹಿಟ್ಟಿನ ಬ್ರೆಡ್ಡು ತಿಂದ ಗೋರಾ ಸೈನಿಕರಿಗೆ ಬೆರಿಬೆರಿ ಬಂತು. ಒಂದು ಸಿ ಜೀವಸತ್ವದ ಕೊರತೆ, ಇನ್ನೊಂದು ಬಿ ಜೀವಸತ್ವದ್ದು ಎಂದು ಇಂದು ಏಳನೆಯ ವರ್ಗದ ಮಕ್ಕಳು ಹೇಳುತ್ತಾರೆ. ವಿಟಮಿನ್ ಎಂಬ ಶಬ್ದ ಹುಟ್ಟಿದ್ದೇ 1912ರಲ್ಲಿ. ಕೂಟ್‌ನ ಕಂದಕದಲ್ಲಿದ್ದ ಸಿಪಾಯಿ ಅದನ್ನು ಎಲ್ಲಿ ಕೇಳಬೇಕು?

ಹಾಗೆಂದು ಬಂದ ರೋಗಕ್ಕೆಲ್ಲ ಪಿಂಚಣಿ ಸಿಗುತ್ತದೆಂದು ಪಾಲಕರು ತಿಳಿಯಬಾರದು. ಬೋರ್ಡು ಕಾರಣಗಳನ್ನು ಕೊಟ್ಟು ‘ಸೇವೆಗೆ ಸಂಬಂಧವಿಲ್ಲ’ ಎಂದಿದ್ದರೆ ನ್ಯಾಯಾಲಯಗಳು ಅದನ್ನು ಗೌರವಿಸಿವೆ. 2019ರಲ್ಲಿ ಮನೋರೋಗದಿಂದ ಬಿಡುಗಡೆಯಾದ ಯುವಕನೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸೈನಿಕನ ವಿರುದ್ಧವೇ ತೀರ್ಪು ಕೊಟ್ಟಿತು. ಇನ್ನೊಂದು ಬದಿಯೂ ಇದೆ. ನಿವೃತ್ತಿಯ ಹೊತ್ತಿಗೆ ವೈಕಲ್ಯ ಪಿಂಚಣಿ ಪಡೆಯುವವರಲ್ಲಿ ಅಧಿಕಾರಿಗಳ ಪ್ರಮಾಣ ಜವಾನರ ಪ್ರಮಾಣಕ್ಕಿಂತ ಬಹಳ ಹೆಚ್ಚಿದೆ ಎಂದು ಮಹಾಲೇಖಪಾಲರ 2023ರ ವರದಿ ಎತ್ತಿ ತೋರಿಸಿತು. ಗುಡ್ಡದ ಮೇಲೆ ಹೆಚ್ಚು ಕಾಲ ನಿಲ್ಲುವವನು ಜವಾನನಲ್ಲವೇ? ಬಲ್ಲವರಿಗೆ ದಾರಿ ಗೊತ್ತು, ಬಾರದವರ ಪತ್ರ ದೇವರ ಜಗಲಿ ಸೇರುತ್ತದೆ ಎಂದು ನಾನು ಆ ಅಂಕಿಗಳನ್ನು ಓದಿಕೊಂಡೆ. ದುರುಪಯೋಗ ತಡೆಯುವುದಾದರೆ ಮೇಲಿನಿಂದ ತಡೆಯಲಿ.

ನಮ್ಮ ಪಕ್ಕದ ಗೋವೆಯವರಾದ ಮನೋಹರ ಪರ್ರೀಕರರು ರಕ್ಷಣಾ ಮಂತ್ರಿಯಾಗಿದ್ದಾಗ, 2015ರಲ್ಲಿ, ಇಂಥ ಮೊಕದ್ದಮೆಗಳನ್ನು ಕಡಿಮೆ ಮಾಡುವ ಬಗೆ ಹೇಗೆಂದು ನೋಡಲು ಒಂದು ಸಮಿತಿ ನೇಮಿಸಿದ್ದರು. ಸಮಿತಿ ಅದೇ ವರ್ಷ ವರದಿ ಕೊಟ್ಟಿತು. ಮೊಕದ್ದಮೆಗಳು ಮಾತ್ರ ನಿಂತಿಲ್ಲ.

ನಮ್ಮ ಕಡೆಯವರಿಗೆ ಬೆಟದೂರಿನ ಹನುಮಂತಪ್ಪ ಕೊಪ್ಪದರನ್ನು ನೆನಪಿಸಬೇಕಾಗಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಸೈನಿಕರು ಹುಗಿದುಹೋದರು. ಆರನೆಯ ದಿನ ಕೊಪ್ಪದ ಜೀವಂತ ಸಿಕ್ಕರು. 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಆ ಮೂರು ದಿನ ಇಡೀ ಕರ್ನಾಟಕ ದೇವರಿಗೆ ಕೈಮುಗಿದಿತ್ತು. ಅದೇ ಹಿಮದಿಂದ ನಿಧಾನವಾಗಿ ಕೆಟ್ಟು ಇಳಿದುಬಂದವನಿಗೆ ಕೈಮುಗಿಯುವವರು ಬೇಕಿಲ್ಲ. ಅವನ ಕಾಗದ ಓದುವವರು ಸಿಕ್ಕರೆ ಸಾಕು.

ನನ್ನ ಹುಡುಗನ ಕಾಗದಕ್ಕೆ ಬರುತ್ತೇನೆ. ಹುಡುಗ ಎಂದರೂ ಈಗ ನಲವತ್ತರ ಗಡಿ. ಮೂರ್ಛೆ ಇರುವವನಿಗೆ ವಾಹನ ನಡೆಸುವಂತಿಲ್ಲ. ಮಗ್ಗದ ಪಟ್ಟಿ ತಿರುಗುವಲ್ಲಿ ನಿಲ್ಲಬೇಡ ಎಂದು ಡಾಕ್ಟರು ಹೇಳಿದ್ದಾರೆ. ಮಾಜಿ ಸೈನಿಕರು ಸಾಮಾನ್ಯವಾಗಿ ಹೋಗುವ ಕಾವಲುಗಾರನ ಕೆಲಸಕ್ಕೆ ಕೇಳಿದಲ್ಲೆಲ್ಲ ಬಿಡುಗಡೆಯ ಪುಸ್ತಕದಲ್ಲಿ ರೋಗದ ಹೆಸರು ನೋಡಿ ಬೇಡವೆಂದರು. ಸೋದರಮಾವನ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಾನೆ.

ಸಿಗಬೇಕಾದದ್ದು ಎಷ್ಟು ಎಂಬುದನ್ನು ಸ್ಥೂಲವಾಗಿ ಲೆಕ್ಕ ಹಾಕಿ ತೋರಿಸಿದೆ. ಕೊನೆಯ ಸಂಬಳ 30,000 ರೂಪಾಯಿ ಎಂದಿಟ್ಟುಕೊಂಡರೆ, ಅದರ ಅರ್ಧ 15,000 ಸೇವೆಯ ಪಾಲು. ನೂರಕ್ಕೆ ನೂರು ವೈಕಲ್ಯಕ್ಕೆ ಸಂಬಳದ ಶೇಕಡಾ 30, ಅಂದರೆ 9,000. ಶೇಕಡಾ 20ರ ವೈಕಲ್ಯಕ್ಕೆ 1,800. ಆದರೆ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೇ ಹಿಡಿಯುವ ಕ್ರಮ ಇರುವುದರಿಂದ ಅದು 4,500 ಆಗುತ್ತದೆ. ಒಟ್ಟು 19,500, ಮೇಲೆ ತುಟ್ಟಿಭತ್ಯೆ. ಕಿರಾಣಿ ಅಂಗಡಿಯ ತಕ್ಕಡಿ ಇದನ್ನು ತೂಗಲಾರದು. ಅವನ ನಿಜವಾದ ಸಂಬಳ ಬೇರೆ, ಲೆಕ್ಕವೂ ಬೇರೆ ಬಂದೀತು; ದಾರಿ ಮಾತ್ರ ಇದೇ.

ತಡವಾದದ್ದಕ್ಕೆ ಬೆಲೆ ಇದೆ. ಪತ್ರ ಬಂದ ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದು ಅದರ ಕೊನೆಯ ಸಾಲಿನಲ್ಲೇ ಇತ್ತು; ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ತಿಂಗಳು ತಿಂಗಳು ಬರಬೇಕಾದದ್ದು ಬಾರದಿದ್ದರೆ ಅದು ತಿಂಗಳು ತಿಂಗಳೂ ಆಗುತ್ತಿರುವ ಅನ್ಯಾಯವೆಂದು 2008ರ ತರ್ಸೇಮ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಪ್ಪಿದೆ. ಆದರೆ ಹಿಂಬಾಕಿಯನ್ನು ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ ಸೀಮಿತಗೊಳಿಸಿದೆ. ನಮ್ಮವನು ಗೆದ್ದರೂ ಎಂಟು ವರ್ಷದ ದುಡ್ಡು ಹೋದದ್ದೇ.

2009ಕ್ಕಿಂತ ಮೊದಲು ಇಂಥವರು ಹೈಕೋರ್ಟಿನ ಬಾಗಿಲು ಕಾಯಬೇಕಿತ್ತು. ಆ ವರ್ಷದಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲಸ ಮಾಡುತ್ತಿದೆ. ಕರ್ನಾಟಕದವರಿಗೆ ಅದರ ಪೀಠ ಕೊಚ್ಚಿಯಲ್ಲಿದೆ. ನಮ್ಮ ಓಣಿಯ ನಿವೃತ್ತ ಸುಬೇದಾರರೊಬ್ಬರು ವಕೀಲರನ್ನು ಗೊತ್ತುಮಾಡಿಕೊಟ್ಟರು. ವಿಳಂಬವನ್ನು ಮನ್ನಿಸಬೇಕೆಂಬ ಮನವಿಯ ಜೊತೆ ಅರ್ಜಿ ಹೋಗಿದೆ. ವಕೀಲರು ಮೊದಲು ಕೇಳಿದ್ದು ಭರ್ತಿಯ ದಿನದ ವೈದ್ಯಕೀಯ ಹಾಳೆಯನ್ನು, ಆ ‘ಫಿಟ್’ ಎಂದು ಬರೆದ ಕಾಗದವನ್ನು. ಅದು ಇವನ ಬಳಿ ಇರಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತರಿಸಿದೆವು. ಮನೆತನದ ರೋಗಗಳನ್ನು ಕೇಳುವ ಸಾಲಿನ ಮುಂದೆ ‘ಇಲ್ಲ’ ಎಂದಿತ್ತು. ಅದರ ಒಂದು ಝೆರಾಕ್ಸ್ ತಾಯಿಗೆ ಕೊಟ್ಟ. ಓದು ಬಾರದ ಆ ಮುದುಕಿ ಅದನ್ನು ಬಂದವರಿಗೆಲ್ಲ ತೋರಿಸುತ್ತಾಳಂತೆ.

ಈಗ ಓಡುತ್ತಿರುವ ಹುಡುಗರ ಮಾತೇ ಬೇರೆ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಘೋಷಣೆಯಾದ ಮೇಲೆ ಜವಾನರಾಗಿ ಸೇರುವವರು ನಾಲ್ಕು ವರ್ಷದ ಅಗ್ನಿವೀರರು. ಸೇವೆಗೆ ಸಂಬಂಧಪಟ್ಟ ವೈಕಲ್ಯವಾದರೆ ಶೇಕಡಾ 100ಕ್ಕೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ ರೂಪಾಯಿ ಒಂದು ಸಲದ ಪರಿಹಾರವೆಂದು ಆಗ ಪ್ರಕಟಿಸಿದ್ದಾರೆ. ತಿಂಗಳ ಪಿಂಚಣಿ ಇಲ್ಲ. ಅಲ್ಲಿಯೂ ‘ಸೇವೆಗೆ ಸಂಬಂಧಪಟ್ಟ’ ಎಂಬ ಅದೇ ಹೊಸ್ತಿಲು. ಇನ್ನು 2023ರ ಸೆಪ್ಟೆಂಬರ್ 21ರಿಂದ ಉಳಿದವರಿಗೂ ಹೊಸ ನಿಯಮಾವಳಿ ಬಂದಿದೆ. ಆ ದಿನದ ನಂತರ ಬಿಡುಗಡೆಯಾದವರಿಗೆ ಅದು ಅನ್ವಯ. ಮಾಜಿ ಸೈನಿಕರಲ್ಲಿ ಹಲವರು ಅದು ಬಿಗಿಯಾಯಿತೆಂದು ದೂರಿದ್ದಾರೆ. 2012ರಲ್ಲಿ ಮನೆಗೆ ಬಂದ ನಮ್ಮವನಿಗೆ ಹಳೆಯದೇ.

ನಮ್ಮ ಶಾಲೆಯಲ್ಲಿ ಭರ್ತಿಗೆ ಹೋಗುವ ಮಕ್ಕಳ ಪಾಲಕರು ಭೇಟಿಯಾದಾಗ ನಾನು ಒಂದೇ ಮಾತು ಕೇಳುತ್ತೇನೆ: ಮಗನ ವೈದ್ಯಕೀಯ ಹಾಳೆಯ ಪ್ರತಿ ಮನೆಯಲ್ಲಿ ಇಟ್ಟುಕೊಂಡಿದ್ದೀರಾ? ಕೆಲವರು ನಗುತ್ತಾರೆ, ಅಪಶಕುನದ ಮಾತೇಕೆ ಎನ್ನುತ್ತಾರೆ. ಮಗ ರಜೆಗೆ ಬಂದಾಗ ಜ್ವರ ಬಂದಿತ್ತೇ, ಪಲ್ಟನ್ನಿನ ದವಾಖಾನೆಯಲ್ಲಿ ಚೀಟಿ ಬರೆಸಿಕೊಂಡನೇ ಎಂದು ಕೇಳಿದರೆ, ಹೆದರುಪುಕ್ಕಲನೆಂದಾರು ಎಂದು ಬರೆಸುವುದಿಲ್ಲ ಸರ ಎಂಬ ಉತ್ತರವೂ ಬರುತ್ತದೆ. ಬರೆಸದ ಜ್ವರ ದಾಖಲೆಯಲ್ಲಿ ಜ್ವರವೇ ಅಲ್ಲ.

ನ್ಯಾಯಮಂಡಳಿಯಲ್ಲಿ ಮುಂದಿನ ತಾರೀಖು ಬಿದ್ದಿದೆ. ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಟಿಕೀಟು ತೆಗೆಸಿದ್ದಾನೆ. ರಾತ್ರಿಯ ಪ್ರಯಾಣ, ನಿದ್ದೆ ಕೆಡಬಾರದೆಂದು ಕೆಳಗಿನ ಬರ್ತು ಕೇಳಿ ಮಾಡಿಸಿದೆವು. ಮಾತ್ರೆಯ ಡಬ್ಬಿ ಕಿಸೆಯಲ್ಲೇ ಇರಲಿ, ಚೀಲದಲ್ಲಿ ಬೇಡ ಎಂದು ಹೇಳಿದ್ದೇನೆ.